ಗುರುತಿಲ್ಲದ ಸೆರಗು

ಬನಹಟ್ಟಿ
೧೪ ಜನೆವರಿ ೧೯೫೧

ಪ್ರೀತಿಯ ಸುಹಾಸಿನಿಗೆ ಶೇವಂತಿಯ ನಮಸ್ಕಾರ.

ಇದರ ಜೊತೆ ಸಂಕ್ರಾಂತಿಯ ಎಳ್ಳು ಕಟ್ಟಿ ಕಳಿಸಿದ್ದೇನೆ. ಪುಣೆಯಲ್ಲಿ ತಿಳಗುಳ ಸಿಗುತ್ತದೆ ಎಂದು ನಮ್ಮೂರ ಎಳ್ಳನ್ನು ಮೂಲೆಗೆ ಇಡಬೇಡ. ಜಮಖಂಡಿಯ ಹೆಣ್ಣುಮಕ್ಕಳ ಸಾಲಿಯಲ್ಲಿ ನಿನ್ನ ತಾಯಿ ರಾಧಾಬಾಯಿಯವರು ಛಡಿ ಹಿಡಿದು ಕಲಿಸಿದ ಪುಸ್ತಕದ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ನಾಲ್ಕನೆಯ ಇಯತ್ತೆಗೇ ನನ್ನನ್ನು ಬಿಡಿಸಿ ಲಗ್ನ ಮಾಡಿದರು, ತಪ್ಪಿದ್ದರೆ ನಗಬೇಡ.

ನಿನಗೆ ಸರಕಾರದ ನೌಕರಿ ಸಿಗುವ ಹಾಗಿದೆ ಎಂದು ಬರೆದಿದ್ದೀಯಲ್ಲ, ಓದಿ ನನಗೆ ಕುಣಿಯುವಂತಾಯಿತು. ಗಂಡ ತೀರಿದ ಮೇಲೆ ನೀನು ನಾಲ್ಕು ವರ್ಷ ಅಡಿಗೆಮನೆಯಲ್ಲಿ ಕೊಳೆತೆ. ಈಗ ಬಣ್ಣದ ಸೀರೆ ಉಡು, ಪುಣೆಗೆ ಹೋಗಿ ದುಡಿ ಎಂದು ನಿನ್ನ ಅಣ್ಣ ಮಾಸ್ತರರೇ ಹೇಳಿದ್ದಾರೆಂದರೆ ಅವರು ದೊಡ್ಡವರು ಬಿಡು. ನೌಕರಿ ಆಗಲಿ, ನಿನಗೊಂದು ಸೀರೆ ನೇಯ್ದು ಕೊಡುತ್ತೇನೆ. ಯಾವ ಬಣ್ಣ ಬೇಕು ಹೇಳು.

ನಮ್ಮ ಮನೆಯವರ ಕೆಮ್ಮು ಕಡಿಮೆಯಾಗಿಲ್ಲ. ನಾಲ್ಕು ಸಲ ಲಾಳಿ ಎಸೆದರೆ ಎದೆ ಹಿಡಿದು ಕುಳಿತುಬಿಡುತ್ತಾರೆ. ಆದ್ದರಿಂದ ನಮ್ಮ ಕಥೆ ಮೊದಲಿನ ಹಾಗೇ ನಡೆದಿದೆ. ಕಾಲಿಳಿಸಿ ಕುಳಿತು ನೇಯುವ ಮಗ್ಗದ ಕುಣಿಗೆ ಹೆಂಗಸರು ಇಳಿಯಬಾರದು ಎಂಬುದು ನಮ್ಮ ಮನೆತನದ ಪದ್ಧತಿ. ನಾನು ಬಾಗಿಲು ಹಾಕಿಕೊಂಡು ಇಳಿಯುತ್ತೇನೆ. ಯಾರಾದರೂ ಬಾಗಿಲು ಬಡಿದರೆ ನಾನು ಜಿಗಿದು ರಾಟೆಯ ಮುಂದೆ ಕುಳಿತು ಕಂಡಿಕೆಗೆ ನೂಲು ಸುತ್ತುತ್ತೇನೆ, ಅವರು ನಿಧಾನವಾಗಿ ಕುಣಿಗೆ ಇಳಿದು ಲಾಳಿ ಹಿಡಿಯುತ್ತಾರೆ. ಬಾಳು ಸಾವಕಾರ ಸೀರೆ ಕೊಳ್ಳಲು ಬಂದಾಗ "ಏನ ಕೈರೀ ನಿಮ್ಮವು!" ಎಂದು ಅವರ ಕೈ ಹಿಡಿದು ಹೊಗಳುತ್ತಾನೆ. ನಾನು ತಲೆ ಬಗ್ಗಿಸಿ, "ಅವರ ಕೈಗುಣಾನ ಹಂಗರಿ" ಅನ್ನುತ್ತೇನೆ. ಐದು ವರ್ಷ ಹೀಗೆ ಹೇಳಿದ್ದೇನೆ. ಸೆರಗಿನ ಕೊನೆಗೆ ಅವರ ಮನೆತನದ ಗುರುತು ಇರುತ್ತದಲ್ಲ, ಎರಡು ಹಳದಿ ಎಳೆ ಒಂದು ಕೆಂಪು ಎಳೆ, ಅದನ್ನೂ ನಾನೇ ಹಾಕುತ್ತೇನೆ. ಈ ಭೂಮಿಯ ಮೇಲೆ ಇದು ಗೊತ್ತಿರುವುದು ನಿನಗೊಬ್ಬಳಿಗೇ.

ನಿನ್ನ
ಶೇವಂತಿ


ಪುಣೆ
೨೯ ಜನೆವರಿ ೧೯೫೧

ಪ್ರಿಯ ಶೇವಂತಿ,

ಎಳ್ಳು ತಲುಪಿತು. ಕಾಶೀಬಾಯಿ ಕಾಕು ಅರ್ಧ ತಿಂದು, "ತುಮಚಾ ಗೂಳ ಚಾಂಗಲಾ" ಎಂದು ನಿಮ್ಮ ಬೆಲ್ಲಕ್ಕೆ ಪ್ರಮಾಣಪತ್ರ ಕೊಟ್ಟರು. ಅವರ ಮನೆಯಲ್ಲಿ ನನಗೊಂದು ಕಿಟಕಿ, ಒಂದು ಟ್ರಂಕು. ಸುಖವಾಗಿದ್ದೇನೆ.

ಎಲ್ಲ ಸರಿ, ಗಂಡನ ಹೆಸರು ಬರೆದರೆ ಶಾಯಿ ಒಣಗಿಹೋಗುತ್ತದೆಯೇನೇ? ಪತ್ರದ ತುಂಬ "ನಮ್ಮ ಮನೆಯವರು", "ಅವರು". ನಾನು ಬರೆಯುತ್ತೇನೆ ನೋಡು: ಗಿರಮಲ್ಲಪ್ಪನವರ ಕೆಮ್ಮಿಗೆ ಮಿರಜದ ದವಾಖಾನೆಯಲ್ಲಿ ಒಮ್ಮೆ ತೋರಿಸಿ.

ಈಗ ಮುಖ್ಯ ಮಾತು. ಬರುವ ತಿಂಗಳು ಖಾನೇಸುಮಾರಿ, ಅಂದರೆ ಜನಗಣತಿ. ಮನೆಮನೆಗೆ ಬಂದು ಒಬ್ಬೊಬ್ಬರ ಹೆಸರಿಗೆ ಒಂದೊಂದು ಚೀಟಿ ಬರೆಯುತ್ತಾರೆ. ವಯಸ್ಸೆಷ್ಟು, ಉದ್ಯೋಗವೇನು, ಸ್ವಂತ ದುಡಿದು ತಿನ್ನುವವರೋ ಇನ್ನೊಬ್ಬರ ಅವಲಂಬಿಯೋ, ಎಲ್ಲ. ನನಗೆ ಸಿಗುವ ನೌಕರಿಯೂ ಆ ಚೀಟಿಗಳನ್ನು ವಿಂಗಡಿಸುವುದೇ. ನಿಮ್ಮ ಓಣಿಗೆ ಯಾರು ಬರುತ್ತಾರೆ ಗೊತ್ತೇ? ನಮ್ಮ ಗುರುರಾಜಣ್ಣ! ಬನಹಟ್ಟಿಯ ಸಾಲಿಗೆ ವರ್ಗವಾಗಿ ಬಂದಿದ್ದಾನಲ್ಲ, ಮಾಸ್ತರರಿಗೆಲ್ಲ ಈ ಕೆಲಸ ಹಚ್ಚಿದ್ದಾರೆ.

ಶೇವಂತಿ, ನೀನು ಅವನಿಗೆ ನಿಜ ಹೇಳಲೇಬೇಕು. ನೂರು ಮನೆಗಳಲ್ಲಿ ಗಂಡಸರು ತಮ್ಮ ಉದ್ಯೋಗ ಬರೆಸಿ, ಹೆಂಗಸರದು ಬಂದಾಗ "ಮನಿಗೆಲಸ" ಎಂದು ಮುಗಿಸುತ್ತಾರೆ. ನೀನೂ ಹಾಗೆ ಅಂದರೆ ನಿನ್ನ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ, ತಿಳಿದಿರು. ಸಾವಕಾರನಿಗೆ ಸುಳ್ಳು ಹೇಳಿದೆ, ಹೋಗಲಿ. ಸರಕಾರದ ಕಾಗದದಲ್ಲಿ ಒಮ್ಮೆಯಾದರೂ ನೀನು ನೇಕಾರಳು ಎಂದು ಬರಲಿ. ಅಣ್ಣ ನನ್ನ ಅಣ್ಣ, ಹೆದರಬೇಡ.

ಬಣ್ಣ ನೀನೇ ಆರಿಸು. ಕೆಂಪು ಮಾತ್ರ ಬೇಡ, ವಿಧವೆಯ ಮೈಮೇಲೆ ಕೆಂಪು ಕಂಡರೆ ಕಾಕುಗೆ ಸಂಕಟವಾಗುತ್ತದೆ.

ನಿನ್ನ
ಸುಹಾಸಿನಿ


ಬನಹಟ್ಟಿ
೨೦ ಫೆಬ್ರುವರಿ ೧೯೫೧

ಸುಹಾಸಿನಿ,

ಹೇಳಿಬಿಟ್ಟೆ!

ಮೊನ್ನೆ ಶನಿವಾರ ಮಾಸ್ತರರು ಬಂದರು. ನಮ್ಮ ಮನೆಯವರು ಕಂಬಕ್ಕೆ ಒರಗಿ ಕುಳಿತು ಎಲ್ಲಕ್ಕೂ ಉತ್ತರ ಕೊಟ್ಟರು. ಅವರ ಉದ್ಯೋಗ ಮಗ್ಗ ಎಂದು ಬರೆಯುವುದಾಯಿತು. ಆಮೇಲೆ ಮಾಸ್ತರರು ನನ್ನ ಕಡೆ ನೋಡಿದರು.

"ನೀ ಏನ ಮಾಡ್ತೀ ತಂಗಿ? ಕಂಡಿಕಿ ಸುತ್ತೋದು, ಮನಿಗೆಲಸ, ಅಷ್ಟs ಹೌದಲ್ಲ?"

"ಕಂಡಿಕಿನೂ ಸುತ್ತತೇನ್ರಿ, ಸೀರಿನೂ ನೇಯ್ತೇನ್ರಿ," ಅಂದೆ. "ಐದು ವರ್ಷ ಆತು, ಈ ಮಗ್ಗದ ಮ್ಯಾಲ ನಾನs ಕುಂಡ್ರತೇನಿ."

ಮಾಸ್ತರರು ಪೆನ್ನು ಎತ್ತಿ ಹಿಡಿದರು. "ಖರೇನೂ ಯಜಮಾನ್ರ?" ಎಂದು ಇವರನ್ನು ಕೇಳಿದರು. ಇವರು ಜಂತಿ ನೋಡುತ್ತ ಕುಳಿತರು. ನಾನು ಕೈ ಮುಂದೆ ಮಾಡಿ ಜಡ್ಡುಗಟ್ಟಿದ ಬೆರಳುಗಳನ್ನು ತೋರಿಸಿದೆ. ನನಗೆ ಎಲ್ಲಿಂದ ಧೈರ್ಯ ಬಂತೋ ಕಾಣೆ. "ಆತು, ಬರೀತೀನಿ," ಎಂದರು ನಿನ್ನಣ್ಣ. ನಾನು ಎಲೆ ಅಡಿಕೆ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಇವರು ಮಾಸ್ತರರ ಕೈ ಹಿಡಿದುಕೊಂಡು ಏನೋ ಹೇಳುತ್ತಿದ್ದರು, ನನ್ನನ್ನು ಕಂಡು ಬಿಟ್ಟರು. ಔಷಧದ ಮಾತಿರಬೇಕು. "ಬರೆದ್ರೇನ್ರಿ?" ಎಂದು ಬಾಗಿಲ ತನಕ ಹೋಗಿ ಕೇಳಿದೆ. "ಬರೆದೀನವಾ," ಎಂದು ಮೆಟ್ಟಿಲು ಇಳಿದರು.

ಆವತ್ತಿನಿಂದ ಇವರು ನನ್ನೊಡನೆ ಮಾತಾಡಿಲ್ಲ. ರೊಟ್ಟಿ ಇಟ್ಟರೆ ಉಣ್ಣುತ್ತಾರೆ, ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಒಂದು ಸುಳ್ಳಿನಿಂದ ಅವರ ಮರ್ಯಾದೆ ನಿಂತಿತ್ತು, ನಾನೇ ಕೆಡವಿದೆನೇ? ಆದರೂ ಸುಹಾಸಿನಿ, ಕುಣಿಯಲ್ಲಿ ಕುಳಿತಾಗ ಈಗ ನನ್ನ ಬೆನ್ನು ನೆಟ್ಟಗಿರುತ್ತದೆ. ಎಲ್ಲೋ ಒಂದು ಕಾಗದದಲ್ಲಿ ನಾನಿದ್ದೇನೆ ಅನಿಸುತ್ತದೆ. ನೀನು ಹೇಳದಿದ್ದರೆ ನನ್ನ ಬಾಯಿ ಸಾಯುವ ತನಕ ತೆರೆಯುತ್ತಿರಲಿಲ್ಲ.

ಶೇವಂತಿ


ಪುಣೆ
೧೦ ಏಪ್ರಿಲ್ ೧೯೫೧

ಭಲೇ ಶೇವಂತಿ!

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. ಗಿರಮಲ್ಲಪ್ಪನವರು ಗಂಡಸು, ಒಂದಷ್ಟು ದಿನ ಮುಖ ಊದಿಸಿಕೊಂಡಿರುತ್ತಾರೆ, ಆಮೇಲೆ ಸರಿಹೋಗುತ್ತಾರೆ.

ನಾನೀಗ ನೌಕರದಾರಳು! ಉದ್ದನೆಯ ಕೋಣೆ, ಗೋಡೆಯ ತುಂಬ ಪಾರಿವಾಳದ ಗೂಡಿನಂಥ ಕಟ್ಟಿಗೆ ಖಾನೆಗಳು. ಒಂದೊಂದು ಚೀಟಿ ಓದಿ ಗಂಡಸರದು ಬೇರೆ, ಹೆಂಗಸರದು ಬೇರೆ, ಆಮೇಲೆ ಉದ್ಯೋಗದ ಪ್ರಕಾರ ಆಯಾ ಖಾನೆಗೆ ಹಾಕಬೇಕು. ಕ್ಷೌರಿಕ, ಕುಂಬಾರ, ಮಾಸ್ತರ, ಗೌಳಿಗ, ಪೋಲೀಸ ಎಂದು ಗಂಡಸರಿಗೆ ಗೂಡುಗಳೋ ಗೂಡುಗಳು. ಹೆಂಗಸರ ಚೀಟಿಗಳೆಲ್ಲ ಬಂದು ಬೀಳುವುದು ಅವಲಂಬಿಗಳ ಖಾನೆಗೆ. ಅದು ದಿನಕ್ಕೆ ನಾಲ್ಕು ಸಲ ತುಂಬಿ ಚೆಲ್ಲುತ್ತದೆ. ಓದಿದ್ದನ್ನು ಹೊರಗೆ ಹೇಳುವುದಿಲ್ಲ ಎಂದು ನಮ್ಮಿಂದ ಪ್ರಮಾಣ ಮಾಡಿಸಿದ್ದಾರೆ, ಇಷ್ಟು ಬರೆದದ್ದೂ ಹೆಚ್ಚಾಯಿತೇನೋ.

ಜಮಖಂಡಿ ತಾಲೂಕಿನ ಗಂಟುಗಳು ಇನ್ನೂ ಬಂದಿಲ್ಲ. ಬಂದ ದಿನ ನಿನ್ನ ಚೀಟಿಯನ್ನು ನಾನೇ ಹುಡುಕಿ, ನೇಕಾರರ ಖಾನೆಯಲ್ಲಿ ಗಂಡಸರ ಪಕ್ಕದಲ್ಲಿ ಇಡುತ್ತೇನೆ. ಸಾಹೇಬ ನೋಡದಿದ್ದರೆ ಮುತ್ತೂ ಕೊಡುತ್ತೇನೆ.

ನಿನ್ನ
ಸುಹಾಸಿನಿ


ಬನಹಟ್ಟಿ
೩ ಜೂನ್ ೧೯೫೧

ಸುಹಾಸಿನಿ,

ಮೇ ಹದಿನೇಳಕ್ಕೆ ನಮ್ಮ ಮನೆಯವರು ತೀರಿಕೊಂಡರು. ಕೊನೆಯ ವಾರ ಮಾತಾಡಿದರು. ಹಾಸಿಗೆಯಿಂದಲೇ ಮಗ್ಗ ನೋಡುತ್ತ, "ದಡಿ ಬಿಗಿ ಆಗೇತಿ, ಸಡಿಲ ಬಿಡು," ಅಂದರು. ಅದೊಂದು ಮಾತು ಸಾಕು ನನಗೆ. ಸಿಟ್ಟು ಹೋಗಿತ್ತು ಅಂತ ತಿಳಿದುಕೊಂಡಿದ್ದೇನೆ.

ಮೂರನೆಯ ದಿನಕ್ಕೇ ಮೈದುನ ಸಾಬಣ್ಣ ಮುಧೋಳದಿಂದ ಬಂದು ಕುಳಿತಿದ್ದಾನೆ. ಎಂಟು ವರ್ಷ ಅಲ್ಲಿ ಯಾರೋ ದೊಡ್ಡವರ ಬೇಟೆನಾಯಿ ಸಾಕಿಕೊಂಡಿದ್ದವನು, ಲಾಳಿ ಮುಟ್ಟಿ ಗೊತ್ತಿಲ್ಲ. ಈಗ ಮಗ್ಗ ತನ್ನದು ಎನ್ನುತ್ತಾನೆ. ಇಲ್ಲಿ ಹೊಸದಾಗಿ ನೂಲಿನ ಸಂಘ ಆಗುತ್ತಿದೆ. ಅದರ ಕಾರ್ಡು ಇಲ್ಲದವರಿಗೆ ಒಂದು ಎಳೆ ನೂಲೂ ಸಿಗುವುದಿಲ್ಲ. ಯುಗಾದಿಗೆ ಮೊದಲು ಮಗ್ಗದ ಮೇಲೆ ಯಾರಿದ್ದರೋ ಅವರಿಗೇ ಕಾರ್ಡು, ಅವರು ತೀರಿಕೊಂಡಿದ್ದರೆ ಗಂಡು ವಾರಸುದಾರರಿಗೆ ಎಂದು ಸಂಘದವರು ಹೇಳುತ್ತಾರೆ. ನನಗೆ ಮಕ್ಕಳಿಲ್ಲ. ನೇಯ್ದವಳು ನಾನೇ ಎಂದರೆ ಸಂಘದ ಹಿರಿಯ ಶಂಕರೆಪ್ಪನವರು ನಕ್ಕು, "ಯಾರ ನೋಡ್ಯಾರವಾ?" ಎಂದರು. ಬಾಗಿಲು ಹಾಕಿಕೊಂಡು ನೇಯ್ದವಳನ್ನು ಯಾರು ನೋಡುತ್ತಾರೆ?

ಆದರೆ ಒಬ್ಬರು ಬರೆದುಕೊಂಡಿದ್ದಾರೆ. ಆ ಚೀಟಿ ನಿಮ್ಮ ಕಚೇರಿಗೆ ಬಂದಿದ್ದರೆ ಒಂದು ನಕಲು ಕಳಿಸು, ಇಲ್ಲವೇ ಇದೆ ಎಂದು ನಾಲ್ಕು ಅಕ್ಷರ ಬರೆದು ಕಳಿಸು. ಇದೊಂದು ಮಗ್ಗ ಹೋದರೆ ನನಗೆ ಏನೂ ಇಲ್ಲ. ಕೈ ಮಾತ್ರ ಉಳಿಯುತ್ತದೆ.

ಶೇವಂತಿ


ಪುಣೆ
೩೦ ಜೂನ್ ೧೯೫೧

ಸೌಭಾಗ್ಯವತಿ ಎಂದು ಬರೆಯಲು ಹೋಗಿ ಕೈ ತಡೆಯಿತು. ಶೇವಂತಿ, ನಿನ್ನ ದುಃಖದಲ್ಲಿ ನಾನೂ ಭಾಗಿ. ದೇವರು ಧೈರ್ಯ ಕೊಡಲಿ.

ಉತ್ತರ ತಡವಾಯಿತು. ಕೆಲಸ ಬಹಳ. ನೀನು ಕೇಳಿದ ಕಾಗದದ ವಿಷಯ: ಕಾಯ್ದೆಯ ಪ್ರಕಾರ ಆ ಚೀಟಿಗಳು ಗುಪ್ತ. ನಕಲು ಕೊಡುವಂತಿಲ್ಲ, ಅದರಲ್ಲಿ ಏನಿದೆ ಎಂದೂ ಹೇಳುವಂತಿಲ್ಲ. ಕೋರ್ಟಿನಲ್ಲಿಯೂ ಅವು ಸಾಕ್ಷಿಗೆ ನಡೆಯುವುದಿಲ್ಲ. ಆದ್ದರಿಂದ ಚೀಟಿಯ ಆಸೆ ಬಿಟ್ಟು ಬೇರೆ ಸಾಕ್ಷಿ ನೋಡುವುದು ಒಳ್ಳೆಯದು. ನೆರೆಮನೆಯವರು ಮಗ್ಗದ ಸಪ್ಪಳ ಕೇಳಿರಬಹುದಲ್ಲ.

ಆರೋಗ್ಯ ನೋಡಿಕೋ.

ಸುಹಾಸಿನಿ


ಬನಹಟ್ಟಿ
೮ ಜುಲೈ ೧೯೫೧

ಸುಹಾಸಿನಿ,

ನಿನ್ನ ಪತ್ರ ಎರಡು ಸಲ ಓದಿದೆ, ಸಾಹೇಬರ ಪತ್ರದ ಹಾಗಿತ್ತು. ಆಮೇಲೆ ನನಗೇ ನಾಚಿಕೆಯಾಯಿತು. ನನ್ನ ಸುದ್ದಿ ಓದಿ ನಿನ್ನ ಗಂಡನ ನೆನಪಾಗಿ ನೀನು ಹಾಗೆ ಮುದುಡಿಕೊಂಡಿರಬೇಕು. ನಾನು ನನ್ನ ಹೊಟ್ಟೆಯ ಉರಿಯನ್ನೇ ಬರೆದೆ. ಪ್ರಮಾಣ ಮಾಡಿದ ಮೇಲೆ ಅದನ್ನು ಮುರಿ ಎನ್ನುವುದು ತಪ್ಪು. ನಕಲು ಬೇಡ ಬಿಡು.

ಮಗ್ಗದ ಸಪ್ಪಳ ಎಲ್ಲರೂ ಕೇಳಿದ್ದಾರೆ. ಲಾಳಿ ಎಸೆಯುವ ಕೈ ಗಂಡಸಿನದೋ ಹೆಂಗಸಿನದೋ ಎಂದು ಸಪ್ಪಳದಲ್ಲಿ ತಿಳಿಯುತ್ತದೆಯೇನೇ ಹುಚ್ಚಿ?

ಇದೇ ಇಪ್ಪತ್ತೆರಡಕ್ಕೆ ಸಂಘದ ಹಿರಿಯರು ಕೂಡುತ್ತಾರೆ. ನಿನ್ನಣ್ಣ ಇದೇ ಊರಲ್ಲಿದ್ದಾರೆ, ಆದರೆ ನನ್ನನ್ನು ದಾರಿಯಲ್ಲಿ ಕಂಡರೆ ಆಚೆ ಓಣಿ ಹಿಡಿಯುತ್ತಾರೆ. ವಿಧವೆಯ ಎದುರು ಬರಬಾರದು ಎಂದಿರಬಹುದೇ? ಅವರು ಅಂಥವರಲ್ಲ. ನೀನು ಒಂದು ಮಾತು ಬರೆ. ಕಾಗದ ತೋರಿಸುವುದು ಬೇಡ. ಬಂದು, "ಈಕಿ ನನ್ನ ಮುಂದ ಹಿಂಗ ಹೇಳಿದ್ದಳು" ಎಂದು ಬಾಯಿಮಾತು ಹೇಳಿದರೆ ಸಾಕು. ನೀನು ಹೇಳಿದರೆ ಬರುತ್ತಾರೆ.

ನಿನ್ನ ಸೀರೆ ಮಗ್ಗದ ಮೇಲಿದೆ. ಗಿಳಿಹಸಿರು ಒಡಲು, ಕಪ್ಪು ದಡಿ. ಇದ್ದ ನೂಲೆಲ್ಲ ನಿನ್ನದಕ್ಕೇ ಆಯಿತು.

ಶೇವಂತಿ


ಪುಣೆ
೧೬ ಜುಲೈ ೧೯೫೧

ಶೇವಂತಿ,

ಅಣ್ಣನಿಗೆ ಬರೆದಿದ್ದೇನೆ. ಬರುತ್ತಾನೆ. ಅವನು ಸುಳ್ಳು ಹೇಳುವವನಲ್ಲ. ಏನೇ ಆದರೂ ನನ್ನನ್ನು ತಪ್ಪು ತಿಳಿಯಬೇಡ.

ಸುಹಾಸಿನಿ


ಪುಣೆ
೧೪ ಆಗಸ್ಟ್ ೧೯೫೧

ಪ್ರಿಯ ಶೇವಂತಿ,

ಸಭೆಯಾಗಿ ಮೂರು ವಾರ ದಾಟಿತು. ನಿನ್ನದೂ ಪತ್ರವಿಲ್ಲ, ಅಣ್ಣನದೂ ಇಲ್ಲ. ಕಾರ್ಡು ಸಿಕ್ಕಿತೇ? ಸಿಕ್ಕಿರುತ್ತದೆ, ನಿನ್ನ ಸಂಭ್ರಮದಲ್ಲಿ ನನ್ನನ್ನು ಮರೆತಿದ್ದೀ ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ಕಾಶೀಬಾಯಿ ಕಾಕು ದಿನಾ ಟಪಾಲಿನವನನ್ನು ಕೇಳಿ ಅವನಿಗೂ ಬೇಜಾರಾಗಿದೆ.

ನನ್ನ ನೌಕರಿ ಇನ್ನೂ ಆರು ತಿಂಗಳು ಮುಂದುವರಿಯಿತು. ಹೆಣ್ಣುಮಗಳು ಹಟದಿಂದ ಸಂಪಾದಿಸಿದ ಜಾಗವನ್ನು ಉಳಿಸಿಕೊಳ್ಳಲು ಎಷ್ಟು ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ ಎಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎದುರು ಸಿಕ್ಕಾಗ ಎಲ್ಲ ಹೇಳುತ್ತೇನೆ.

ಒಂದು ಸಾಲಾದರೂ ಬರೆ.

ನಿನ್ನ
ಸುಹಾಸಿನಿ


ರಬಕವಿ
೨ ಸಪ್ಟೆಂಬರ್ ೧೯೫೧

ಸುಹಾಸಿನಿ,

ಈ ಪತ್ರ ಪುಸ್ತಕದ ಕನ್ನಡದಾಗ ಬರಿಯೂದಿಲ್ಲ. ನಿಮ್ಮವ್ವ ಕಲಿಸಿದ್ದು ಸಾಕಾತು ನನಗ. ನಾ ಹ್ಯಾಂಗ ಮಾತಾಡತೇನೋ ಹಂಗ ಬರೀತೇನಿ, ಓದು.

ನಿಮ್ಮಣ್ಣ ಬಂದ. ನೀ ಬರದಂಗ ಖರೇನs ಹೇಳಿದ. ಹನ್ನೆರಡು ಮಂದಿ ಹಿರ್ಯಾರು ಕುಂತಿದ್ರು, ಸಾಬಣ್ಣ ನಡುವ ಮೀಸಿ ತಿಕ್ಕೋತ ಕುಂತಿದ್ದ. ಮೊದಲ ಬಾಳು ಸಾವಕಾರನ್ನ ಕೇಳಿದ್ರು. "ಈಕಿನs ಹೇಳತಿದ್ದಳ್ರೀ, ಗಂಡನ ಕೈಗುಣಾ ಅಂತ," ಅಂದ. ಅದು ನನ್ನ ಬಾಯಿಂದ ಬಂದ ಮಾತು, ಅವಂಗ ಏನ ಅನ್ನಲಿ? ಕುಣಿಗಿ ಇಳದು ನೇಯ್ದು ತೋರಸ್ತೇನಿ ಅಂದ್ನಿ. "ಈಗ ನೇಯ್ದರ ಏನ ಬಂತು? ಯುಗಾದಿ ಮೊದಲ ಯಾರ ನೇಯ್ತಿದ್ರು ಅನ್ನೋದಷ್ಟs ಮಾತು," ಅಂದ ಶಂಕರೆಪ್ಪ.

ಆಗ ನಾ ಮಾಸ್ತರ ಕಡೆ ಕೈ ಮಾಡಿದ್ನಿ. "ಅವರ್ನ ಕೇಳ್ರಿ. ಸರಕಾರದ ಕಾಗದದಾಗ ನನ್ನ ಹೆಸರಿನ ಮುಂದ ಏನ ಬರದಾರ, ಅವರs ಹೇಳಲಿ." ಎದಿ ಸೆಟಿಸಿ ಅಂದ್ನಿ ಸುಹಾಸಿನಿ. ಹಂಗ ನಂಬಿದ್ನಿ.

ನಿಮ್ಮಣ್ಣ ನೆಲಾ ನೋಡಿಕೋತ ಹೇಳಿದ, "ಅವಲಂಬಿ ಅಂತ ಬರದೀನ್ರಿ. ದುಡಿಮಿ ಇಲ್ಲ."

"ನನ್ನ ಮುಂದ ಬರೆದೀನಿ ಅಂದ್ರೆಲ್ರಿ ಮಾಸ್ತರ!" ಅಂತ ಚೀರಿದ್ನಿ. ಆಗ ಬಾಯಿ ಬಿಟ್ಟ. ಅವತ್ತ ನಾ ಎಲಿ ಅಡಿಕಿ ತರಾಕ ಒಳಗ ಹೋದಾಗ ಗಿರಮಲ್ಲಪ್ಪ ಅವನ ಕೈ ಹಿಡಕೊಂಡು ಅತ್ತನಂತ. "ಅಕಿದು ಬರೀಬ್ಯಾಡ್ರಿ ಮಾಸ್ತರ, ನಾ ನೇಕಾರ ಅನಿಸಿಕೊಂಡs ಸಾಯ್ತೀನಿ," ಅಂದನಂತ.

ಹೌದು, ಗಿರಮಲ್ಲಪ್ಪ ಅಂತ ಬರದೇನಿ. ಶಾಯಿ ಒಣಗಲಿಲ್ಲ. ಐದು ವರ್ಷ ಅವನ ಮರ್ಯಾದಿ ನೇಯ್ದು ಕೊಟ್ಟೆ, ಅವ ಒಂದ ಮಾತಿನಾಗ ನನ್ನ ಹೆಸರು ಬಿಚ್ಚಿ ಒಗದ. ಉರೀತೈತಿ ಹೊಟ್ಟಿ. ಆದರ ಅವಗ ಸಾವು ಎದುರಿಗೆ ನಿಂತಿತ್ತು. ಅಂಜಿದ ಮನಿಷಾ ಹಂಗ ಅಂದ ಅಂತ ಒಂದಿನ ಬಿಟ್ಟೇನು.

ಅಲ್ಲಿಗೂ ಮುಗೀಲಿಲ್ಲ. ಶಂಕರೆಪ್ಪ, "ಗಂಡ ಏನರ ಅಂದಿರಲಿ, ಕಾಗದದಾಗ ಇದ್ದದ್ದs ಖರೆ; ಅವಲಂಬಿ ಅಂತ ಬರದೀರಿ ಅನ್ನೋದಕ್ಕ ಆಧಾರ ಏನದರೀ?" ಅಂತ ಕೇಳಿದ. ಚೀಟಿ ಪುಣೆದಾಗ, ಅವನ ಕಡೆ ಬ್ಯಾರೆ ಆಧಾರ ಇರಲಿಲ್ಲ, ಮಾಸ್ತರ ಕಿಸೇದಾಗಿಂದ ಒಂದ ಪತ್ರ ತಗದ. ನಿನ್ನ ಅಕ್ಷರ. ಆ ಮಡಿಕಿ, ಆ ಗುಂಡನ ಅಕ್ಷರ, ದೂರಿಂದ ನೋಡಿದ್ರೂ ಗೊತ್ತಾತು. ಗಟ್ಟಿಯಾಗಿ ಓದಿದ. "ಶೇವಂತಿಯ ಚೀಟಿ ನನ್ನ ಕೈಗೆ ಬಂತು. ಹಾಗೇಕೆ ಬರೆದೆ ಎಂದು ನೀನು ತಿಳಿಸಿದ್ದು ನನಗೆ ಅರ್ಥವಾಯಿತು. ಅದನ್ನು ಅವಲಂಬಿಗಳ ಖಾನೆಗೆ ನಾನೇ ಹಾಕಿದ್ದೇನೆ. ಅವಳು ಕೇಳಿದರೆ ಕಾಯ್ದೆಯ ಮಾತು ಹೇಳಿ ಸುಮ್ಮನಿರಿಸುತ್ತೇನೆ. ಈ ಮಾತು ಎದ್ದರೆ ನಿನಗೂ ಕುತ್ತು, ನನ್ನ ನೌಕರಿಗೂ ಕುತ್ತು." ತಾರೀಖೂ ಓದಿದ, ಜೂನ್ ಹನ್ನೆರಡು.

ನನಗ ನೀ ಕಾಯ್ದೆ ಕಲಿಸಿದ್ದು ಜೂನ್ ಮೂವತ್ತಕ್ಕ. ಅಂದ್ರ ಹದಿನೆಂಟು ದಿನ ನನ್ನ ಪತ್ರ ಎದುರಿಗಿ ಇಟಗೊಂಡು, ಏನ ಬರದರ ಈಕಿ ಬಾಯಿ ಮುಚ್ಚತೈತಿ ಅಂತ ವಿಚಾರ ಮಾಡಿದ್ದಿ. ನಾ ಹುಚ್ಚಿ, ನಿನಗ ಗಂಡನ ನೆನಪಾಗಿರಬೇಕು ಅಂತ ಅತ್ತಿದ್ನಿ. ಗುಪ್ತ, ಗುಪ್ತ ಅಂತ ಬರದಿದ್ದೆಲ್ಲ, ನಿಮ್ಮಣ್ಣ ಹನ್ನೆರಡು ಮಂದಿ ಮುಂದ ಚಾ ಕುಡಕೋತ ಓದಿ ಹೇಳಿದ.

ನೌಕರಿ ಹೋಗತದ ಅಂತ ಅಂಜಿದ್ದಿ. ಗೊತ್ತಾಗತೈತಿ ನನಗ. ಬಾಗಲಾ ಹಾಕ್ಕೊಂಡು ದುಡದಾಕಿ ನಾನು, ಅಂಜಿಕಿ ನನಗ ತಿಳೀದs ಇರತೈತೇನು? "ನನಗ ಅಂಜಿಕಿ ಆತು, ನಿಂದು ಹಿಂಗ ಬರದಾರ, ಬ್ಯಾರೆ ದಾರಿ ನೋಡಿಕೋ" ಅಂತ ಗುಟ್ಟಿನಾಗ ಒಂದ ಸಾಲ ಬರದಿದ್ರ, ನಾ ಆ ಸಭಾದಾಗ ನಿಮ್ಮಣ್ಣನ ಕಡೆ ಕೈ ಮಾಡತಿರಲಿಲ್ಲ. ನನ್ನ ಸಾಕ್ಷಿ ನಾನs ಕರದು ನನ್ನ ಕುತಿಗಿ ಕೊಯ್ಕೊಂಡ್ನಿ. ಅವನ ಮುಂದ ಖರೇ ಹೇಳು ಅಂದಾಕಿ ನೀನು. ನಾ ಯಾವತ್ತೂ ಕೇಳಿರಲಿಲ್ಲ ಅದನ್ನ.

ಕಾರ್ಡು ಸಾಬಣ್ಣಗ ಆತು. ಮರುದಿನ ಬಂದು ಮೆತ್ತಗ ಕೇಳಿದ, "ವೈನಿ, ಕಾರ್ಡು ನನ್ನ ಹೆಸರಿಲೆ ಇರಲಿ, ನೀ ಮೊದಲಿನಂಗ ಬಾಗಲಾ ಹಾಕ್ಕೊಂಡು ನೇಯಿ, ಯಾರಿಗೂ ಗೊತ್ತಾಗೂದಿಲ್ಲ." ನಾಯಿ ಸಾಕಿದವ ನನಗೂ ಕೊಳ್ಳಪಟ್ಟಿ ಹಾಕಾಕ ಬಂದಿದ್ದ. ಮಗ್ಗದ ಮ್ಯಾಲಿದ್ದ ಸೀರಿ ಒಂದ ಮುಗಿಸಿ ಇಳದು ಬಂದ್ನಿ. ಮತ್ತ ಆ ಕುಣಿಗಿ ಕಾಲ ಇಟ್ಟಿಲ್ಲ.

ಈಗ ರಬಕವಿಯಾಗ ತಾರವ್ವ ಅಂತ ಒಬ್ಬಾಕಿ ಮನ್ಯಾಗ ಇದ್ದೇನಿ. ಆಕಿ ಮಗ್ಗಕ್ಕ ಕಂಡಿಕಿ ಸುತ್ತಿ ಕೊಡತೇನಿ. ನಿಮ್ಮಣ್ಣ ಮೊದಲs ಅಂದಿದ್ದಲ್ಲ, ಕಂಡಿಕಿ ಸುತ್ತೋದು, ಮನಿಗೆಲಸ, ಅಷ್ಟs ಅಂತ? ಈಗ ಅದು ಖರೆ ಆತು ಅಂತ ತಿಳಸು.

ಇದರ ಜೋಡಿ ನಿನ್ನ ಸೀರಿ ಕಳಸೇನಿ. ಕೊಟ್ಟ ಮಾತು, ಕೊಟ್ಟೇನಿ. ಉತ್ತರಾ ಬರೀಬ್ಯಾಡ, ಓದೂದಿಲ್ಲ. ಸೆರಗಿನ ಕೊನಿ ಬಿಚ್ಚಿ ನೋಡು. ಎರಡು ಹಳದಿ, ಒಂದು ಕೆಂಪು ಹಾಕಿಲ್ಲ. ಅವನ ಗುರುತು ಹಾಕೂ ಮನಸ ಬರಲಿಲ್ಲ, ನನ್ನದು ಅಂತ ಗುರುತು ಇಲ್ಲ. ಗಿಳಿಹಸರು ನಿನಗ ಒಪ್ಪತೈತಿ. ಉಟಗೊಂಡು ಕಚೇರಿಗಿ ಹೋಗು. ಸೀರಿ ಛಲೋ ಐತಿ, ಯಾರ ನೇಯ್ದಾರ ಅಂತ ಅಲ್ಲಿ ಯಾರರ ಕೇಳಿದ್ರ, ಗೊತ್ತಿಲ್ಲ ಅಂತ ಹೇಳು. ನಿನಗ ಅದು ರೂಢಿ ಐತಿ.

ಶೇವಂತಿ